ವೈಡಾ ಹಕ್ಕಿಯ ಹೆಣ್ಣನ್ನು ಹಿಂಬಾಲಿಸಿದ ಬಗೆ

ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್‌ಗೆ ಬಂದು ನೆಲೆಸಿದ ಮೇಲೆ ನಾನು ಅತಿ ಹೆಚ್ಚು ಕಾಲ ಗಮನಿಸಿದ ಹಕ್ಕಿ ಪಿನ್‌ಟೇಲ್ಡ್ ವೈಡಾ. ಇದರ ಕುಲನಾಮ ವಿದುವಾ. ನಮ್ಮ ‘ವಿಧವೆ’ಯ ಬೇರಿನಿಂದಲೇ ಬಂದ ಈ ಲ್ಯಾಟಿನ್ ಪದ ಗಂಡಿನ ಕಪ್ಪು ಬಣ್ಣವನ್ನೂ ಉದ್ದ ಬಾಲವನ್ನೂ ಕಂಡು ಇಟ್ಟದ್ದು. ಇಂಗ್ಲಿಷಿನ ‘ವೈಡಾ’ ಎಂಬ ರೂಪಕ್ಕೆ ಪಶ್ಚಿಮ ಆಫ್ರಿಕಾದ ಬೆನಿನ್ ದೇಶದ ವೀಡಾ ಪಟ್ಟಣದ ಹೆಸರೂ ಬೆರೆತಿದೆ. ಇಲ್ಲಿನ ಆಫ್ರಿಕಾನ್ಸ್ ಭಾಷಿಕರು ಮಾತ್ರ ಇದನ್ನು ಕೆಂಪು ಕೊಕ್ಕಿನ ರಾಜ ಎಂದು ಕರೆಯುತ್ತಾರೆ. ಹಕ್ಕಿಯ ನಡತೆಗೆ ಈ ಹೆಸರೇ ಹೆಚ್ಚು ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ.

ಸಂತಾನಕಾಲದಲ್ಲಿ ಗಂಡಿನ ಪುಟ್ಟ ದೇಹಕ್ಕೆ ಸುಮಾರು 20 ಸೆಂ.ಮೀ. ಉದ್ದದ ನಾಲ್ಕು ಕಪ್ಪು ಬಾಲದ ಗರಿಗಳು ಬೆಳೆಯುತ್ತವೆ. ಹಿತ್ತಿಲಿನಲ್ಲಿ ಕಾಳು ಚೆಲ್ಲಿದರೆ ಅದು ತನಗಿಂತ ಎಷ್ಟೋ ದೊಡ್ಡದಾದ ಪಾರಿವಾಳಗಳನ್ನೂ ಅಟ್ಟಿಬಿಡುತ್ತದೆ. ಆದ್ದರಿಂದ ನಾನು ಸಣ್ಣ ಸಿರಿಧಾನ್ಯವನ್ನು ಒಂದೇ ಕಡೆ ರಾಶಿ ಹಾಕದೆ, ಹುಲ್ಲಿನ ಅಂಚಿನುದ್ದಕ್ಕೂ ತೆಳುವಾಗಿ ನೆಲದ ಮೇಲೆಯೇ ಹರಡುವುದನ್ನು ರೂಢಿಸಿಕೊಂಡೆ. ಹೀಗೆ ಮಾಡಿದಾಗ ಹೆಣ್ಣುಗಳೂ ನಿರಾತಂಕವಾಗಿ ಇಳಿದು, ಎರಡೂ ಕಾಲುಗಳಿಂದ ಒಮ್ಮೆಲೇ ಹಿಂದಕ್ಕೆ ಜಿಗಿದು ಮಣ್ಣು ಕೆದಕಿ ಕಾಳು ಹೆಕ್ಕುವುದನ್ನು ಹತ್ತಿರದಿಂದ ನೋಡಬಹುದು.

ಗಂಡು ದಿನದಿನವೂ ಅದೇ ತಂತಿಯ ಮೇಲೋ ಪೊದೆಯ ತುದಿಯಲ್ಲೋ ಕುಳಿತು ಚಿಲಿಪಿಲಿಗುಟ್ಟುತ್ತದೆ. ಹೆಣ್ಣು ಬಂದು ಕೆಳಗಿನ ರೆಂಬೆಯಲ್ಲಿ ಕುಳಿತರೆ, ಅದರ ಎದುರಿಗೇ ಗಾಳಿಯಲ್ಲಿ ಏಳುತ್ತ ಬೀಳುತ್ತ ನಿಂತು, ಪ್ರತಿ ಕುಪ್ಪಳಿಕೆಗೂ ಬಾಲವನ್ನು ಮೇಲಕ್ಕೂ ಕೆಳಕ್ಕೂ ಬಳುಕಿಸುತ್ತದೆ. ಛಾಯಾಗ್ರಾಹಕರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತಾರೆ. ಆದರೆ ಈ ಹಕ್ಕಿಯ ಬದುಕಿನ ಮುಖ್ಯ ಭಾಗವನ್ನು ತಿಳಿಯಬೇಕಾದರೆ ಗಂಡನ್ನು ಬಿಟ್ಟು, ಗುಬ್ಬಚ್ಚಿಯಂತೆ ಕಂದು ಗೆರೆಗಳಿರುವ ಆ ಹೆಣ್ಣಿನ ಹಿಂದೆ ಹೋಗಬೇಕು. ಸಂತಾನಕಾಲದಲ್ಲಿ ಅದರ ಕೊಕ್ಕು ಕಪ್ಪಾಗುವುದರಿಂದ ದುರ್ಬೀನಿನಲ್ಲಿ ಗುರುತಿಸುವುದು ಕಷ್ಟವಲ್ಲ.

ಹೆಣ್ಣು ವೈಡಾ ಗೂಡು ಕಟ್ಟುವುದಿಲ್ಲ. ನಮ್ಮ ರಾಟವಾಳಗಳ ಬಳಗಕ್ಕೇ ಸೇರಿದ ಕಾಮನ್ ವ್ಯಾಕ್ಸ್‌ಬಿಲ್‌ನ ಗೂಡಿನಲ್ಲಿ ಮೊಟ್ಟೆಯಿಡುತ್ತದೆ. ಹಾಗಾಗಿ ನಾನು ಮೊದಲು ವ್ಯಾಕ್ಸ್‌ಬಿಲ್‌ಗಳು ಹುಲ್ಲೆಳೆ ಕಚ್ಚಿಕೊಂಡು ಹಾರುವ ದಿಕ್ಕನ್ನು ಗುರುತು ಹಾಕಿಕೊಂಡು, ದೂರದಲ್ಲಿ ಕುಳಿತು, ಅದೇ ಎಡೆಗೆ ಹೆಣ್ಣು ವೈಡಾ ಬರುತ್ತದೆಯೇ ಎಂದು ಕಾಯುತ್ತಿದ್ದೆ. ಎತ್ತರದ ಹುಲ್ಲಿನ ಬುಡದಲ್ಲಿರುವ ಆ ಗೂಡು ಕೊಳವೆಯಂಥ ಬಾಯಿಯುಳ್ಳ ಹುಲ್ಲಿನ ಉಂಡೆ. ಅದರ ಮೇಲ್ಭಾಗದಲ್ಲಿ ಬರಿದಾದ ಇನ್ನೊಂದು ಸುಳ್ಳುಗೂಡೂ ಇರುತ್ತದೆ. ಹುಲ್ಲನ್ನು ಸರಿಸಿ ನೋಡುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ತುಳಿದ ದಾರಿ ಬೇಟೆಯಾಡುವ ಪ್ರಾಣಿಗಳನ್ನು ಗೂಡಿನ ಬಳಿಗೆ ಕರೆತರುತ್ತದೆ.

ವೈಡಾ ಮರಿ ಆಶ್ರಯದಾತರ ಮರಿಗಳನ್ನು ಹೊರದಬ್ಬದೆ ಅವುಗಳೊಡನೆಯೇ ಬೆಳೆಯುತ್ತದೆ. ಬಾಯಿ ತೆರೆದಾಗ ಕಾಣುವ ಅಂಗುಳಿನ ಚುಕ್ಕೆಗಳು ವ್ಯಾಕ್ಸ್‌ಬಿಲ್ ಮರಿಯ ಚುಕ್ಕೆಗಳನ್ನು ಬಹುಮಟ್ಟಿಗೆ ಹೋಲುತ್ತವೆ. ವೈಡಾ ಕುಲದ ಹಕ್ಕಿಗಳ ಈ ಅನುಕರಣೆಯನ್ನು ಜರ್ಮನಿಯ ಪಕ್ಷಿವಿಜ್ಞಾನಿ ಯುರ್ಗನ್ ನಿಕೊಲಾಯ್ 1964ರಲ್ಲಿ ವಿವರವಾಗಿ ಪ್ರಕಟಿಸಿದರು.

ಪಂಜರದ ಹಕ್ಕಿಯಾಗಿ ಸಾಗಿಸಲ್ಪಟ್ಟ ಈ ವೈಡಾ ಈಗ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿಯೂ ನೆಲೆಯೂರಿದೆ. ಅಲ್ಲಿ ಅದಕ್ಕೆ ಆಶ್ರಯ ಕೊಡುತ್ತಿರುವುದು, ಅದೇ ಪಂಜರದ ಹಕ್ಕಿಗಳ ವ್ಯಾಪಾರದ ಮೂಲಕ ಏಷ್ಯಾದಿಂದ ಬಂದು ನೆಲೆಸಿದ ಚುಕ್ಕೆ ರಾಟವಾಳ. ಆ ಭಾಗದಲ್ಲಿರುವ ಕನ್ನಡಿಗರು ತಮ್ಮ ಹಿತ್ತಿಲಿಗೆ ಬರುವ ರಾಟವಾಳಗಳ ಹಿಂಡಿನಲ್ಲಿ ಉಣಿಸು ಬೇಡುವ ಮರಿಗಳನ್ನು ಒಂದೊಂದಾಗಿ ಗಮನಿಸಿ, ಬೇರೆಯಾಗಿ ಕಂಡದ್ದನ್ನು ದಿನಾಂಕದೊಡನೆ ಬರೆದಿಡಬೇಕೆಂದು ಕೇಳಿಕೊಳ್ಳುತ್ತೇನೆ.