ಸಣ್ಣ ಬಿಟ್, ಚೊಕ್ಕ ಅಂಚು: ಸಿಎನ್‌ಸಿ ರೌಟರ್‌ನಲ್ಲಿ ಮರ ಕೊರೆಯುವುದು ಹೇಗೆ?

ಸಿಎನ್‌ಸಿ ರೌಟರ್ ಎಂದರೆ ಕಂಪ್ಯೂಟರ್ ಹೇಳಿದ ದಾರಿಯಲ್ಲಿ ಬಿಟ್ ಎಂಬ ತಿರುಗುವ ಕೊರೆಯುಳಿಯನ್ನು ಓಡಿಸಿ ಮರ ಕೊರೆಯುವ ಯಂತ್ರ. ತೆಳು ಅಕ್ಷರ, ಜಾಲಂಧ್ರದ ಪುಟ್ಟ ಕಿಂಡಿ, ಒಂದು ಮರದೊಳಗೆ ಬೇರೆ ಬಣ್ಣದ ಮರ ಕೂರಿಸುವ ಇನ್‌ಲೇ ಕೆಲಸ. ಇಲ್ಲೆಲ್ಲ ದಪ್ಪ ಬಿಟ್ ಕೈಕೊಡುತ್ತದೆ. ತಿರುಗುವ ಬಿಟ್ ಕೊರೆದ ಒಳಮೂಲೆ ಯಾವತ್ತೂ ದುಂಡಗೇ ಉಳಿಯುವುದು. 6 ಮಿ.ಮೀ. ಬಿಟ್ ಹಾಕಿದರೆ ಮೂಲೆಯಲ್ಲಿ 3 ಮಿ.ಮೀ. ತ್ರಿಜ್ಯ, 1 ಮಿ.ಮೀ. ಬಿಟ್ ಹಾಕಿದರೆ ಅರ್ಧ ಮಿ.ಮೀ. ಮಾತ್ರ. ಆದರೆ ಸಣ್ಣ ಬಿಟ್ ಕಂಡೊಡನೆ ಹೆಚ್ಚಿನವರು ಮುರಿದೀತೆಂದು ಹೆದರಿ ಯಂತ್ರದ ಓಟವನ್ನು ತೀರಾ ನಿಧಾನ ಮಾಡಿಬಿಡುತ್ತಾರೆ. ಬಿಟ್ ಬೇಗ ಹಾಳಾಗುವುದು ಹೀಗೆಯೇ. ಕಡಿಮೆ ಮಾಡಬೇಕಾದದ್ದು ಆಳವನ್ನು.

ಮೊದಲು ಬಿಟ್ ಆಯ್ಕೆ

ಒಂದೇ ಒತ್ತಡಕ್ಕೆ, ವ್ಯಾಸ ಅರ್ಧವಾದರೆ ಬಿಟ್ 16 ಪಟ್ಟು ಹೆಚ್ಚು ಬಾಗುತ್ತದೆ. ಹೊರಗೆ ಚಾಚಿದ ಉದ್ದ ಎರಡರಷ್ಟಾದರೆ 8 ಪಟ್ಟು. ಹಾಗಾಗಿ 3 ಮಿ.ಮೀ. ಆಳದ ಕೆಲಸಕ್ಕೆ 10 ಮಿ.ಮೀ. ಉದ್ದದ ಅಲಗಿನ ಬಿಟ್ ಬೇಡ, 4 ಮಿ.ಮೀ. ಅಲಗಿನದು ಸಾಕು. ಸಣ್ಣ ಬಿಟ್‌ಗಳ ಶ್ಯಾಂಕ್, ಅಂದರೆ ಯಂತ್ರ ಹಿಡಿಯುವ ಬುಡದ ಕಡ್ಡಿ, ಸಾಮಾನ್ಯವಾಗಿ 3.175 ಮಿ.ಮೀ. ದಪ್ಪ ಇರುತ್ತದೆ. ತುದಿಯತ್ತ ಸಪೂರವಾಗುತ್ತ ಹೋಗುವ ಟೇಪರ್ ಬಿಟ್‌ಗೆ ಬುಡದಲ್ಲಿ ಬಲ ಜಾಸ್ತಿ, ಉಬ್ಬುಚಿತ್ರಕ್ಕೆ ಅದೇ ಒಳ್ಳೆಯದು. ಅಪ್‌ಕಟ್ ಬಿಟ್ ಹೊಟ್ಟನ್ನು ಮೇಲಕ್ಕೆ ಎಸೆಯುತ್ತದೆ, ಜತೆಗೆ ಮೇಲ್ಮೈಯ ನಾರನ್ನೂ ಎಬ್ಬಿಸುತ್ತದೆ. ಡೌನ್‌ಕಟ್ ಬಿಟ್‌ನಲ್ಲಿ ಮೇಲಂಚು ಚೊಕ್ಕ, ಆದರೆ ಹೊಟ್ಟು ತೋಡಿನೊಳಗೇ ಗಿಡಿದು ಬಿಸಿಯೇರುತ್ತದೆ. ಕಾಣುವ ಮುಖದ ಮೇಲಿನ ಆಳವಿಲ್ಲದ ಕೆಲಸಕ್ಕೆ ಡೌನ್‌ಕಟ್, ಆಳದ ತೋಡಿಗೆ ಅಪ್‌ಕಟ್ ಎಂದಿಟ್ಟುಕೊಳ್ಳಿ.

ಕಾಲೆಟ್ ಶುಚಿ

ಬಿಟ್‌ನ ಬುಡವನ್ನು ಬಿಗಿಯಾಗಿ ಹಿಡಿಯುವ ಸೀಳುಬಳೆಯೇ ಕಾಲೆಟ್. ಅದರ ಶುಚಿಯನ್ನು ಬಹಳ ಮಂದಿ ಹಾರಿಸಿಬಿಡುತ್ತಾರೆ. ನನ್ನ ಮಟ್ಟಿಗೆ ನಿಖರತೆ ಹುಟ್ಟುವುದೂ ಸಾಯುವುದೂ ಇಲ್ಲಿಯೇ. ಕಾಲೆಟ್‌ನ ಸೀಳುಗಳಲ್ಲಿ ಕೂತ ಒಂದು ಕಣ ಹೊಟ್ಟು ಸಾಕು, ಬಿಟ್ ತನ್ನ ನಡುವಿನಿಂದ ಸರಿದು ಓಲಾಡುತ್ತ ತಿರುಗುತ್ತದೆ. 6 ಮಿ.ಮೀ. ಬಿಟ್‌ಗೆ 0.05 ಮಿ.ಮೀ. ಓಲಾಟ ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. 1 ಮಿ.ಮೀ. ಬಿಟ್‌ನಲ್ಲಿ ಒಂದು ಅಲಗು ಕತ್ತರಿಸಬೇಕಾದ ಸಿಪ್ಪೆಯ ದಪ್ಪವೇ 0.02 ಮಿ.ಮೀ. ಆಸುಪಾಸು. ಅಂದರೆ ಎರಡು ಅಲಗಿನ ಪಾಲೂ ಒಂದರ ಮೇಲೇ ಬೀಳುತ್ತದೆ, ತೋಡೂ ಅಗಲವಾಗುತ್ತದೆ. ಪ್ರತಿ ಸಲ ಕಾಲೆಟ್ ಬಿಚ್ಚಿ, ಬ್ರಷ್‌ನಿಂದ ಒಳಗೂ ಹೊರಗೂ ಉಜ್ಜಿ. ನಟ್‌ಗೆ ಕಾಲೆಟ್ ಟಕ್ಕೆಂದು ಕೂತ ಮೇಲೆಯೇ ಬಿಟ್ ತೂರಿಸಿ. ಅಲಗಿನ ಭಾಗ ಕಾಲೆಟ್ ಒಳಗೆ ಹೋಗಬಾರದು. ಇಂಥ ಬಿಟ್‌ಗಳನ್ನು ಮಾಡುವ ಕಾರ್ಬೈಡ್ ಗಟ್ಟಿಯಾದರೂ ಪೆಡಸು, ಮೇಜಿನ ಮೇಲೆ ಉರುಳಿ ಬಿದ್ದರೂ ಮೊನೆ ಚಕ್ಕೆ ಏಳುತ್ತದೆ.

ಮರ ಅಲುಗಬಾರದು

ಹಲಗೆಯ ಅಡಿಯ ಬಲಿಪಲಗೆಯನ್ನು, ಅಂದರೆ ಸ್ಪಾಯಿಲ್‌ಬೋರ್ಡನ್ನು, ಮೊದಲೇ ಯಂತ್ರದಿಂದಲೇ ಸಮತಟ್ಟು ಮಾಡಿಕೊಳ್ಳಿ. ಅರ್ಧ ಮಿ.ಮೀ. ಆಳದ ಕೆಲಸದಲ್ಲಿ 0.2 ಮಿ.ಮೀ. ಏರುಪೇರು ಎದ್ದು ಕಾಣುತ್ತದೆ. ತೆಳು ಹಲಗೆಗೆ ಡಬಲ್ ಸೈಡ್ ಟೇಪ್ ಸಾಕು.

ವೇಗದ ಲೆಕ್ಕ

ಸೂತ್ರ ಸರಳ: ನಿಮಿಷದ ಸುತ್ತು, ಅಲಗುಗಳ ಸಂಖ್ಯೆ, ಒಂದು ಅಲಗು ತೆಗೆಯುವ ಸಿಪ್ಪೆಯ ದಪ್ಪ, ಈ ಮೂರನ್ನೂ ಗುಣಿಸಿದರೆ ಫೀಡ್, ಅಂದರೆ ಬಿಟ್ ಮರದಲ್ಲಿ ಮುಂದೆ ಸಾಗುವ ವೇಗ, ಸಿಗುತ್ತದೆ. 18,000 ಸುತ್ತು, 2 ಅಲಗು, 0.02 ಮಿ.ಮೀ. ಆದರೆ ನಿಮಿಷಕ್ಕೆ 720 ಮಿ.ಮೀ. ಹೆದರಿ ಇದನ್ನೇ 200ಕ್ಕೆ ಇಳಿಸಿದಿರೆನ್ನಿ. ಆಗ ಸಿಪ್ಪೆಯ ದಪ್ಪ 0.006 ಮಿ.ಮೀ.ಗೂ ಕಡಿಮೆ. ಅಷ್ಟು ತೆಳುವಾಗಿ ಹೆರೆಯಲು ಅಲಗಿಗೆ ಆಗದು, ಅದು ಮರವನ್ನು ಉಜ್ಜತೊಡಗುತ್ತದೆ. ಸುಟ್ಟ ವಾಸನೆ, ಕಂದುಗಟ್ಟಿದ ಅಂಚು, ಹಿಟ್ಟಿನಂಥ ಪುಡಿ ಇದರ ಗುರುತುಗಳು. ಪುಡಿಯನ್ನು ಬೆರಳಲ್ಲಿ ಹೊಸಕಿ ನೋಡಿ, ಸಣ್ಣ ಸಿಪ್ಪೆಯಂತೆ ತರಿತರಿಯಾಗಿ ಸಿಗಬೇಕು. ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಎಂಡಿಎಫ್ ಹಲಗೆ ಆದರೆ ಈ ಪರೀಕ್ಷೆ ನಡೆಯದು, ಅದು ಹೇಗೂ ಹಿಟ್ಟೇ.

ಫೀಡ್ ಹಾಗೇ ಇಟ್ಟು, ಒಂದು ಸಲದ ಓಟದ ಆಳವನ್ನು ವ್ಯಾಸದ ಅರ್ಧಕ್ಕೆ ಇಳಿಸಿ: 1 ಮಿ.ಮೀ. ಬಿಟ್‌ಗೆ 0.5 ಮಿ.ಮೀ. ಗಟ್ಟಿ ಮರವಾದರೆ ಇನ್ನೂ ಕಡಿಮೆ. ಬಿಟ್ ನೆಟ್ಟಗೆ ಮರಕ್ಕೆ ಚುಚ್ಚಿಕೊಂಡು ಇಳಿಯದಂತೆ, ಇಳಿಜಾರಿನಲ್ಲಿ ಜಾರಿ ಇಳಿಯುವ ರ‍್ಯಾಂಪ್ ಆಯ್ಕೆಯನ್ನು ಬಿಟ್‌ನ ದಾರಿ ರಚಿಸುವ ಕ್ಯಾಮ್ ತಂತ್ರಾಂಶದಲ್ಲಿ ಹಾಕಿ. ದೊಡ್ಡ ಜಾಗವನ್ನು ದಪ್ಪ ಬಿಟ್‌ನಿಂದ ಖಾಲಿ ಮಾಡಿ, ಮೂಲೆ ಮತ್ತು ಸಂದುಗಳನ್ನಷ್ಟೇ ಸಣ್ಣದಕ್ಕೆ ಬಿಡಿ. ಗೋಡೆಗೆ 0.1 ಮಿ.ಮೀ. ಉಳಿಸಿ, ಕೊನೆಯಲ್ಲಿ ಕ್ಲೈಂಬ್ ದಿಕ್ಕಿನಲ್ಲಿ (ಮರ ಕತ್ತರಿಸುವ ಕಡೆ ಅಲಗು ಬಿಟ್ ಸಾಗುವ ದಿಕ್ಕಿಗೆ ವಿರುದ್ಧವಾಗಿ ಚಲಿಸುವಂತೆ) ಒಂದು ಸುತ್ತು ಹೆರೆದರೆ ನಾರು ಕೀಳುವುದು ಕಡಿಮೆ.

ಶುರುಮಾಡುವ ಮುನ್ನ ಕನ್ನಡಕ, ಮಾಸ್ಕ್ ಹಾಕಿ. ಕೈಗವಸು ಮಾತ್ರ ಬೇಡವೇ ಬೇಡ, ಬಿಟ್ ಹಿಡಿದು ತಿರುಗುವ ಸ್ಪಿಂಡಲ್ ಅದನ್ನು ಎಳೆದುಕೊಳ್ಳುತ್ತದೆ.

ಅಳೆದು ತಿದ್ದುವುದು

ಅಸಲಿ ಹಲಗೆಗೆ ಕೈಹಾಕುವ ಮೊದಲು, ಅದೇ ಮರದ ತುಂಡಿನಲ್ಲಿ 20 ಮಿ.ಮೀ. ಚೌಕದ ಗುಳಿ ಕೊರೆದು ವರ್ನಿಯರ್‌ನಿಂದ ಅಳೆಯಿರಿ. 20.08 ಬಂತೇ? ಬಿಟ್ ಓಲಾಡುತ್ತಿದೆ. ಕಾಲೆಟ್ ಮತ್ತೆ ಒರೆಸಿ ಕೂರಿಸಿ. ಆಮೇಲೂ ಅಷ್ಟೇ ಬಂದರೆ ತಂತ್ರಾಂಶದಲ್ಲಿ ಬಿಟ್‌ನ ವ್ಯಾಸವನ್ನು 1.00 ಬದಲು 1.08 ಎಂದು ಬರೆಯಿರಿ, ಗುಳಿ ಅಳತೆಗೆ ಬರುತ್ತದೆ. 19.92 ಬಂದರೆ ಬಿಟ್ ಗೋಡೆಯಿಂದ ಆಚೆ ಬಾಗಿದೆ ಎಂದೇ ಬಹುಪಾಲು ಅರ್ಥ. ಆಗ ಅಂಕಿ ತಿದ್ದಲು ಹೋಗಬೇಡಿ. ಅದೇ ದಾರಿಯಲ್ಲಿ ಇನ್ನೊಂದು ಸುತ್ತು ಓಡಿಸಿ, ಬಾಗಿ ಬಿಟ್ಟುಹೋದ ಪದರವನ್ನು ಅದು ಹೆರೆದು ತೆಗೆಯುತ್ತದೆ.

ಅಂಚಿನಲ್ಲಿ ಅಲ್ಲಲ್ಲಿ ಎದ್ದ ಜುಂಗನ್ನು 320ರ ಮರಳು ಕಾಗದದಿಂದ, ನಾರಿನ ಗುಂಟ ಹಗುರವಾಗಿ ಸವರಿ. ಉದ್ದಕ್ಕೂ ಜುಂಗೇ ಇದ್ದರೆ ಅಲಗು ಮೊಂಡಾಗಿದೆ. ಸಿಲಿಕಾ ಇರುವ ತೇಗ, ಅಂಟಿನ ಪದರಗಳಿರುವ ಪ್ಲೈವುಡ್ ಅದನ್ನು ಬೇಗ ಸವೆಸುತ್ತವೆ, ಆ ಕೆಲಸಗಳಿಗೆ ಹೊಸ ಬಿಟ್ ಒಂದನ್ನು ಪಕ್ಕದಲ್ಲೇ ಇಟ್ಟುಕೊಂಡಿರಿ.