ಮ್ಯಾಡ್ರಿಡ್‌ನ ಚಿತ್ರಶಾಲೆಗಳು: ಸಂಜೆಯ ಉಚಿತ ಹೊತ್ತಿನಲ್ಲಿ ನೋಡಿದ್ದು

ಮ್ಯಾಡ್ರಿಡ್‌ನ ದೊಡ್ಡ ಚಿತ್ರಶಾಲೆಯಾದ ಪ್ರಾಡೊವನ್ನು ಸಂಜೆಯ ಉಚಿತ ಪ್ರವೇಶದಲ್ಲೇ ನೋಡುತ್ತೇನೆ ಎಂದಾಗ ನಮ್ಮ ಚಿತ್ರಕಾರರ ಬಳಗದಲ್ಲಿ ಒಬ್ಬರೂ ಒಪ್ಪಲಿಲ್ಲ. ಸರತಿ ಸಾಲಿನಲ್ಲೇ ಹೊತ್ತು ಮುಗಿಯುತ್ತದೆ ಎಂದರು. ಜೂನ್‌ನಲ್ಲಿ ಮಗಳ ಮನೆಯಲ್ಲಿದ್ದಾಗ, ಮೊದಲ ದಿನಗಳನ್ನು ಬಿಟ್ಟರೆ, ಹಾಗೆಯೇ ನೋಡಿದೆ. ಹಗಲಿಡೀ ಸುತ್ತಿ ಬಂದವರಿಗಿಂತ ಚೆನ್ನಾಗಿಯೇ ನೋಡಿದ್ದೇನೆ.

ಮೊದಲು ದುಡ್ಡು ಕೊಟ್ಟೇ ಹೋಗಿದ್ದೆ. ಟಿಕೆಟ್ 15 ಯೂರೊ, ಆಗಿನ ಲೆಕ್ಕಕ್ಕೆ 1,400 ರೂಪಾಯಿಯ ಸುಮಾರು. ಕೊಟ್ಟ ಹಣಕ್ಕೆ ಎಲ್ಲವನ್ನೂ ನೋಡಬೇಕೆಂದು ಬೆಳಿಗ್ಗೆಯಿಂದ ಸುತ್ತಿದರೆ, ಮಧ್ಯಾಹ್ನದ ಹೊತ್ತಿಗೆ ಕಣ್ಣಿಗೆ ಬಣ್ಣವೇ ಹತ್ತಲಿಲ್ಲ. ಪ್ರಾಡೊ, ರೈನಾ ಸೋಫಿಯಾ, ತೀಸ್ಸೆನ್ ಈ ಮೂರು ದೊಡ್ಡ ಚಿತ್ರಶಾಲೆಗಳಿಗೂ ಸಲ್ಲುವ ಟಿಕೆಟ್ಟಿಗೆ ಮತ್ತೆ ಮೂವತ್ತು ಯೂರೊ ದಾಟಿತು. ದಣಿವು ಮಾತ್ರ ಮೂರು ಪಟ್ಟಾಯಿತು.

ಪ್ರಾಡೊದಲ್ಲಿ ಸೋಮವಾರದಿಂದ ಶನಿವಾರದವರೆಗೆ ಸಂಜೆ 6ರಿಂದ 8 ಉಚಿತ, ಭಾನುವಾರ 5ರಿಂದ 7. ಜನ ಐದೂವರೆಗೇ ಬಂದು ಬಿಸಿಲಲ್ಲಿ ನಿಲ್ಲುತ್ತಾರೆ. ನಾನು ಹೊರಡುತ್ತಿದ್ದುದೇ ಆರೂವರೆಗೆ. ಅಷ್ಟರಲ್ಲಿ ಸಾಲು ಕರಗಿರುತ್ತಿತ್ತು. ಒಳಗೆ ಸಿಗುವುದು ಗಂಟೆಗಿಂತ ಸ್ವಲ್ಪ ಹೆಚ್ಚು. ಒಂದು ಸಂಜೆಗೆ ಎರಡೇ ಕೋಣೆ, ಅದೂ ಮನೆಯಲ್ಲೇ ತೀರ್ಮಾನಿಸಿದ್ದು.

ಚಿತ್ರಕಾರ ವೆಲಾಸ್ಕೆಸ್ 1656ರಲ್ಲಿ ಬರೆದ, ರಾಜಕುಮಾರಿ ಮತ್ತು ಅವಳ ಸಖಿಯರ ಚಿತ್ರ ‘ಲಾಸ್ ಮೆನಿನಾಸ್’ ಒಂದಕ್ಕೇ ಹಲವು ಸಂಜೆಗಳನ್ನು ಕೊಟ್ಟೆ. ಹತ್ತಿರದಿಂದ ರಾಜಕುಮಾರಿಯ ಉಡುಪು ಬರೀ ಕುಂಚದ ಗೀಚು. ಒಂದೊಂದೇ ಹೆಜ್ಜೆ ಹಿಂದೆ ಸರಿದರೆ ಒಂದು ಜಾಗದಲ್ಲಿ ಗೀಚೆಲ್ಲ ಥಟ್ಟನೆ ಬಟ್ಟೆಯಾಗುತ್ತದೆ. ಆ ಜಾಗವನ್ನು ನೀವೇ ಹುಡುಕಬೇಕು, ಹೇಳಲಾರೆ. ಆ ಕೋಣೆ ಖಾಲಿಯಾಗುವ ಗಳಿಗೆಯೂ ಒಂದಿದೆ, ಅದೂ ನನ್ನಲ್ಲೇ ಇರಲಿ.

ಸ್ಪೇನಿನ ಇನ್ನೊಬ್ಬ ಚಿತ್ರಕಾರ ಗೋಯಾನ ‘ಕಪ್ಪು ಚಿತ್ರ’ಗಳಿಗೂ ಅಷ್ಟೇ ಬಿಡುವು ಬೇಕು. 1819ರ ನಂತರ ತನ್ನ ಮನೆಯ ಗೋಡೆಗಳ ಮೇಲೆ ಬರೆದುಕೊಂಡದ್ದನ್ನು ಅವನು ಸತ್ತ ಮೇಲೆ ಕ್ಯಾನ್ವಾಸಿಗೆ ಸಾಗಿಸಿದ್ದು. ಅವುಗಳಲ್ಲೊಂದಾದ, ತಲೆಯಷ್ಟೇ ಕಾಣುವ ನಾಯಿಯ ಚಿತ್ರದಲ್ಲಿ ಮುಕ್ಕಾಲುಪಾಲು ಖಾಲಿ ಮಣ್ಣುಬಣ್ಣ. ಅವಸರದವರು ನಾಯಿಯನ್ನು ನೋಡಿ ಮುಂದೆ ಹೋಗುತ್ತಾರೆ. ನೋಡಬೇಕಾದದ್ದು ಆ ಖಾಲಿಯನ್ನು.

ಪ್ರಾಡೊದಲ್ಲಿ ಫೋಟೊ ತೆಗೆಯುವಂತಿಲ್ಲ. ಅದೇ ಒಳ್ಳೆಯದಾಯಿತು. ಜೂನ್‌ನಲ್ಲಿ ಒಂಬತ್ತೂವರೆಯವರೆಗೂ ಬೆಳಕಿರುತ್ತದೆ. ಎಂಟಕ್ಕೆ ಹೊರಬಂದು ಬೀದಿಯ ಬೆಂಚಿನ ಮೇಲೆ ನೆನಪಿನಿಂದ ಪೆನ್ಸಿಲ್‌ನಲ್ಲಿ ಬರೆದು, ಮುಂದಿನ ಭೇಟಿಯಲ್ಲಿ ಮೂಲದೊಂದಿಗೆ ಹೋಲಿಸುತ್ತಿದ್ದೆ. ಬೆಳಕಿನ ದಿಕ್ಕು ನೆನಪಿನಲ್ಲಿ ಉಳಿಯುತ್ತದೆ, ಕೈಗಳ ಭಂಗಿ ಮೊದಲು ಅಳಿಸಿಹೋಗುತ್ತದೆ. ಹತ್ತಾರು ವರ್ಷ ಬರೆದ ಕೈಗೂ ಇದು ಹೊಸ ಪಾಠ.

ಆಧುನಿಕ ಕಲೆಯ ಚಿತ್ರಶಾಲೆ ರೈನಾ ಸೋಫಿಯಾ ಪ್ರಾಡೊದಿಂದ ಹತ್ತು ನಿಮಿಷದ ನಡಿಗೆ. ಭಾನುವಾರ ಬಿಟ್ಟು ಸಂಜೆ 7ರಿಂದ 9 ಉಚಿತ, ಮಂಗಳವಾರ ರಜೆ. ಎರಡನ್ನೂ ಒಂದೇ ಸಂಜೆಗೆ ಜೋಡಿಸಿ ನೋಡಿದೆ. ಕಾಲು ಒಪ್ಪಿತು, ಕಣ್ಣು ಒಪ್ಪಲಿಲ್ಲ. ಗೋಯಾನನ್ನು ನೋಡಿ ನೇರವಾಗಿ ಹೋದರೆ, ಎಂಟು ಮೀಟರಿನಷ್ಟು ಅಗಲದ, ಪಿಕಾಸೊನ ‘ಗೆರ್ನಿಕಾ’ ಕೂಡ ಬರೀ ಬೂದುಬಣ್ಣದ ಗೋಡೆ. ಅದಕ್ಕೆ ಬೇರೆಯೇ ಸಂಜೆ ಮೀಸಲಿಟ್ಟೆ.

ಹಕ್ಕಿ ನೋಡಲು ಕೊಂಡಿದ್ದ ಸಣ್ಣ ದುರ್ಬೀನನ್ನು ಸ್ಯಾನ್ ಆಂಟೋನಿಯೊ ದೆ ಲಾ ಫ್ಲೋರಿದಾ ಚರ್ಚಿಗೆ ಒಯ್ದದ್ದು ನನ್ನ ಇನ್ನೊಂದು ಪ್ರಯೋಗ. ಅಲ್ಲಿನ ಗುಮ್ಮಟದಲ್ಲಿ ಗೋಯಾ 1798ರಲ್ಲಿ ಬರೆದ ಭಿತ್ತಿಚಿತ್ರಗಳಿವೆ, ಪ್ರವೇಶ ಉಚಿತ. ಕಟಕಟೆಗೆ ಒರಗಿ ನಿಂತ ಜನರ ಮುಖಗಳನ್ನು ಅವನು ಎಷ್ಟು ರಭಸದ ಕುಂಚದಲ್ಲಿ ಮುಗಿಸಿದ್ದಾನೆಂಬುದು ದುರ್ಬೀನಿನಲ್ಲೇ ಕಂಡಿತು.

ಪ್ರವೇಶಕ್ಕೆಂದು ಹೋದದ್ದು ಒಟ್ಟು ಐವತ್ತು ಯೂರೊ ಒಳಗೆ, ಅಷ್ಟೂ ಮೊದಲ ದಿನಗಳದ್ದೇ. ತೀಸ್ಸೆನ್‌ಗೆ ಹೋಗುವವರು ಸೋಮವಾರ ಮಧ್ಯಾಹ್ನ 12ರಿಂದ 4ರ ಉಚಿತ ಹೊತ್ತು ನೋಡಿಕೊಳ್ಳಿ.