ಪುರಸಭೆಯ ಲೆಕ್ಕ ಕಲಿಸುವಾಗ ಬಿಲ್ ಕಲೆಕ್ಟರನ್ನೂ ಇಂಜಿನಿಯರನ್ನೂ ಜೊತೆಗೆ ಕೂರಿಸಬೇಕು: ನನ್ನ ಅನುಭವ

ಪುರಸಭೆಯ ಲೆಕ್ಕ ಕೆಟ್ಟಿದೆ ಅಂತ ಗೊತ್ತಾಗುವುದು ಅಕೌಂಟ್ಸ್ ಸೆಕ್ಷನ್‌ನಲ್ಲಿ. ಆದರೆ ಅದು ಕೆಟ್ಟಿರುವುದು ಬೇರೆ ಕಡೆ. ಕಂದಾಯದ ಕೌಂಟರ್‌ನಲ್ಲಿ, ಇಂಜಿನಿಯರ್ ಮೇಜಿನ ಎಂಬಿ ಪುಸ್ತಕದಲ್ಲಿ (ಕಾಮಗಾರಿಯ ಅಳತೆ ಬರೆಯುವ ಪುಸ್ತಕ), ಮುಖ್ಯಾಧಿಕಾರಿಗಳ ಕೋಣೆಯಲ್ಲಿ ಬಿಲ್ ಪಾಸಾಗುವ ಹೊತ್ತಿನಲ್ಲಿ. ಹಾಗಿದ್ದರೂ ತರಬೇತಿಗೆ ಅಂತ ಕರೆ ಬಂದಾಗ ಕಳಿಸುವುದು ಅಕೌಂಟೆಂಟನ್ನು ಮಾತ್ರ. ನಾನು ಹಲವು ವರ್ಷ ಪುರಸಭೆ, ನಗರಸಭೆಗಳ ಲೆಕ್ಕಪತ್ರ ಶಾಖೆಯಲ್ಲಿ ದುಡಿದು, ಆಮೇಲೆ ಅದೇ ಕೆಲಸವನ್ನು ಸಿಬ್ಬಂದಿಗೆ ಕಲಿಸುತ್ತಾ ಬಂದವನು. ಕಲಿಸುವ ರೀತಿಯನ್ನು ನಾನು ಯಾಕೆ ಬದಲಿಸಿಕೊಂಡೆ, ಈಗ ಹೇಗೆ ಕಲಿಸುತ್ತೇನೆ ಅನ್ನುವುದನ್ನು ಬರೆಯುತ್ತಿದ್ದೇನೆ. ಈ ಕೆಲಸದಲ್ಲಿರುವ ಬೇರೆಯವರಿಗೂ ಉಪಯೋಗವಾಗಲಿ ಅಂತ.

ಹಿನ್ನೆಲೆ ಸ್ವಲ್ಪ ಬೇಕು. ಮೊದಲು ನಮ್ಮ ಸ್ಥಳೀಯ ಸಂಸ್ಥೆಗಳಲ್ಲಿ ಇದ್ದದ್ದು ಒಂಟಿ ನಮೂದಿನ ಲೆಕ್ಕ. ದುಡ್ಡು ಬಂತು, ಬರೆದೆವು. ದುಡ್ಡು ಹೋಯಿತು, ಬರೆದೆವು. ಯಾರು ನಮಗೆ ಎಷ್ಟು ಕೊಡಬೇಕು, ನಾವು ಯಾರಿಗೆ ಎಷ್ಟು ಕೊಡಬೇಕು, ನಮ್ಮ ಆಸ್ತಿ ಏನು ಅನ್ನುವುದು ಅದರಲ್ಲಿ ಕಾಣುತ್ತಿರಲಿಲ್ಲ. 2000ರ ದಶಕದ ಆರಂಭದಲ್ಲಿ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ನಿಧಿ ಆಧಾರಿತ ಲೆಕ್ಕ ಪದ್ಧತಿ ಶುರುವಾಯಿತು. ನಾವೆಲ್ಲ ಎಫ್‌ಬಿಎಎಸ್ ಅನ್ನುವುದು ಅದನ್ನೇ. 2004ರಲ್ಲಿ ರಾಷ್ಟ್ರೀಯ ಮುನಿಸಿಪಲ್ ಲೆಕ್ಕಪತ್ರ ಕೈಪಿಡಿ ಬಂತು. ಆಮೇಲೆ ಕರ್ನಾಟಕ ಪುರಸಭೆಗಳ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳು, 2006 ಬಂದವು. ಪ್ರತಿ ವ್ಯವಹಾರವನ್ನೂ ಡೆಬಿಟ್, ಕ್ರೆಡಿಟ್ ಅಂತ ಎರಡು ಕಡೆ ಬರೆಯುವ ಜೋಡಿ ನಮೂದು ಕಡ್ಡಾಯವಾಯಿತು. ನಿಯಮ ಚೆನ್ನಾಗಿದೆ, ಕಂಪ್ಯೂಟರ್ ಇದೆ, ಸಾಫ್ಟ್‌ವೇರ್ ಇದೆ. ಮೈಸೂರಿನ ರಾಜ್ಯ ನಗರಾಭಿವೃದ್ಧಿ ಸಂಸ್ಥೆಯಂಥ ಕಡೆ ತರಬೇತಿಯೂ ಇದೆ. ಆದರೂ ಎಷ್ಟೋ ಊರುಗಳಲ್ಲಿ ವರ್ಷದ ಲೆಕ್ಕ ಮುಗಿಸಲು ಹೊರಗಿನ ಚಾರ್ಟರ್ಡ್ ಅಕೌಂಟೆಂಟ್ ಕಡೆಯವರೇ ಬರಬೇಕು. ನಮ್ಮ ಸಿಬ್ಬಂದಿ ಫೈಲ್ ತಂದುಕೊಟ್ಟು ಪಕ್ಕದಲ್ಲಿ ನಿಲ್ಲುತ್ತಾರೆ. ಇದು ನನಗೆ ತುಂಬಾ ಬೇಸರ ತರಿಸುವ ವಿಷಯ. ಅವರಿಗೆ ಬುದ್ಧಿ ಕಡಿಮೆಯೇನೂ ಇಲ್ಲ. ಅವರ ಲೆಕ್ಕವನ್ನು ಅವರ ಕೈಯಲ್ಲೇ ಮಾಡಿಸಿ ಕಲಿಸಿದವರು ಕಡಿಮೆ.

ನಾನು ಕೂತು ಕೇಳಿದ ಬಹಳ ತರಬೇತಿಗಳು ಒಂದೇ ಥರ ಇದ್ದವು. ಪರದೆ ಮೇಲೆ ಇಂಗ್ಲಿಷ್ ಸ್ಲೈಡು, ಯಾವುದೋ ಕಂಪನಿಯ ಉದಾಹರಣೆ, ಮಧ್ಯಾಹ್ನ ಊಟ, ಸಂಜೆ ಪ್ರಮಾಣಪತ್ರ. ಸೋಪು ಮಾರುವ ಕಂಪನಿಯ ಲಾಭ ನಷ್ಟದ ಲೆಕ್ಕ ತಗೊಂಡು ಪಟ್ಟಣ ಪಂಚಾಯಿತಿಯ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ) ಏನು ಮಾಡಬೇಕು? ಅವರ ಕೈಯಲ್ಲಿ ಇರುವುದು ನೀರಿನ ಕಂದಾಯ, ಮಳಿಗೆ ಬಾಡಿಗೆ, ರಾಜ್ಯ ಹಣಕಾಸು ಆಯೋಗದ (ಎಸ್‌ಎಫ್‌ಸಿ) ಮುಕ್ತನಿಧಿ, ಪೌರ ಕಾರ್ಮಿಕರ ಸಂಬಳ.

ಹಾಗಾಗಿ ನಾನು ಕರೆಯುವಾಗಲೇ ಷರತ್ತು ಹಾಕುತ್ತೇನೆ. ಒಂದು ಊರಿನಿಂದ ಒಬ್ಬರೇ ಬರಬಾರದು. ಅಕೌಂಟೆಂಟ್, ಕಂದಾಯ ಶಾಖೆಯಿಂದ ಒಬ್ಬರು, ಇಂಜಿನಿಯರಿಂಗ್ ಶಾಖೆಯಿಂದ ಒಬ್ಬರು ಜೊತೆಯಾಗಿ ಬರಬೇಕು. ಬರುವಾಗ ಮಾರ್ಚ್ ತಿಂಗಳ ನಗದು ಪುಸ್ತಕ, ಅದೇ ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಆಸ್ತಿ ತೆರಿಗೆಯ ಡಿಸಿಬಿ (ಬೇಡಿಕೆ, ವಸೂಲಿ, ಬಾಕಿಯ ಪಟ್ಟಿ), ಪಾಸಾದ ಒಂದು ಕಾಮಗಾರಿ ಬಿಲ್‌ನ ನಕಲು ತರಬೇಕು. ಮಾರ್ಚ್ ಯಾಕೆ ಅಂದರೆ ಆ ತಿಂಗಳಲ್ಲಿ ಎಲ್ಲಾ ಗೋಜಲೂ ಒಟ್ಟಿಗೆ ಸಿಗುತ್ತದೆ. ಅನುದಾನ ಖರ್ಚು ಮಾಡುವ ಧಾವಂತ, ತೆರಿಗೆ ವಸೂಲಿಯ ಒತ್ತಡ, ಬರೆದು ಇಟ್ಟ ಚೆಕ್ಕುಗಳು.

ಮೊದಲ ಪಾಠ ಡೆಬಿಟ್ ಕ್ರೆಡಿಟ್ ಅಲ್ಲ. ಬ್ಯಾಂಕ್ ತಾಳೆ. ಒಂದು ಕಡೆ ನಗದು ಪುಸ್ತಕ, ಇನ್ನೊಂದು ಕಡೆ ಸ್ಟೇಟ್‌ಮೆಂಟ್ ಇಟ್ಟುಕೊಂಡು ಪೆನ್ಸಿಲ್‌ನಲ್ಲಿ ಟಿಕ್ ಹಾಕುತ್ತಾ ಹೋಗಿ ಅನ್ನುತ್ತೇನೆ. ಎರಡೂ ಕಡೆ ಇರುವುದಕ್ಕೆ ಟಿಕ್. ಉಳಿದದ್ದನ್ನು ಹಾಳೆ ಮೇಲೆ ಬರೆಯಬೇಕು. ಅಲ್ಲಿಂದ ತರಗತಿ ತಾನಾಗಿ ನಡೆಯುತ್ತದೆ. ಮಾರ್ಚ್ 31ಕ್ಕೆ ಗುತ್ತಿಗೆದಾರರಿಗೆ ಕೊಟ್ಟ ಚೆಕ್ ಏಪ್ರಿಲ್‌ನಲ್ಲಿ ನಗದಾಗಿರುತ್ತದೆ. ಬ್ಯಾಂಕ್ ಬಡ್ಡಿ ಜಮಾ ಆಗಿರುತ್ತದೆ, ಪುಸ್ತಕದಲ್ಲಿ ಇರುವುದಿಲ್ಲ. ಆನ್‌ಲೈನ್‌ನಲ್ಲಿ ಕಟ್ಟಿದ ತೆರಿಗೆ ಒಟ್ಟು ಮೊತ್ತವಾಗಿ ಖಾತೆಗೆ ಬಿದ್ದಿರುತ್ತದೆ. ಯಾರ್ಯಾರದ್ದು ಅನ್ನುವ ವಿವರ ಬೇರೆ ಕಡೆ ಇರುತ್ತದೆ.

ವಾಪಸ್ ಬಂದ ಚೆಕ್ಕಿನ ಪ್ರಸಂಗವನ್ನು ಇಲ್ಲಿ ಹೇಳಲೇಬೇಕು. ಒಂದು ತರಬೇತಿಯಲ್ಲಿ ಅಕೌಂಟೆಂಟ್ ಮೇಡಂ ಒಬ್ಬರು ಏಪ್ರಿಲ್ ತಿಂಗಳ ಸ್ಟೇಟ್‌ಮೆಂಟ್‌ನಲ್ಲಿ ಒಂದು ಸಾಲು ತೋರಿಸಿದರು. ತೆರಿಗೆಗೆ ಬಂದ ಚೆಕ್, ಹಣವಿಲ್ಲದೆ ವಾಪಸ್ಸಾಗಿತ್ತು. "ನಾನು ಇದನ್ನು ನಗದು ಪುಸ್ತಕದಲ್ಲಿ ಕಳೆದಿದ್ದೀನಿ ಸರ್, ನಮ್ಮ ಕಡೆ ಸರಿಯಿದೆ" ಅಂದರು. ಅವರ ಪಕ್ಕದಲ್ಲೇ ಅದೇ ಊರಿನ ಬಿಲ್ ಕಲೆಕ್ಟರ್ ಕೂತಿದ್ದರು, ವಯಸ್ಸಾದವರು. ಡಿಸಿಬಿ ತೆಗೆದು ಆ ಮನೆಯ ಸಾಲು ನೋಡಿದರು. ವಸೂಲಿ ಆಗಿದೆ, ಬಾಕಿ ಸೊನ್ನೆ. "ಅಮ್ಮಾ, ಇದು ವಾಪಸ್ ಬಂದಿದ್ದು ನನಗೆ ಯಾರೂ ಹೇಳಲೇ ಇಲ್ಲವಲ್ಲ" ಅಂದರು. ಏಪ್ರಿಲ್‌ನಲ್ಲಿ ಪೂರ್ತಿ ಕಟ್ಟಿದವರಿಗೆ ಕೊಡುವ ಶೇ. 5ರ ರಿಯಾಯಿತಿಯೂ ಆ ಮನೆಗೆ ಸಿಕ್ಕಿತ್ತು. ಅಂದರೆ ಲೆಕ್ಕದ ಶಾಖೆಯ ಪ್ರಕಾರ ಆ ಮನೆಯಿಂದ ಹಣ ಬಂದಿಲ್ಲ, ಕಂದಾಯ ಶಾಖೆಯ ಪ್ರಕಾರ ಬಂದಿದೆ. ಎರಡೂ ಪುಸ್ತಕ ಅವರವರ ಮಟ್ಟಿಗೆ ಸರಿಯಾಗಿಯೇ ಇದ್ದವು. ಊರಿಗೆ ಮಾತ್ರ ಒಂದು ವರ್ಷದ ತೆರಿಗೆ ಹೋಯಿತು.

ಆ ಇಬ್ಬರೇ ಅಲ್ಲೇ ಕೂತು ದಾರಿ ಹುಡುಕಿದರು. ಬ್ಯಾಂಕ್‌ನಿಂದ ವಾಪಸ್ ಬಂದ ಪ್ರತಿ ಚೆಕ್ಕಿಗೂ ಒಂದು ಸಣ್ಣ ಚೀಟಿ. ಅದರಲ್ಲಿ ಆಸ್ತಿ ಸಂಖ್ಯೆ, ರಶೀದಿ ಸಂಖ್ಯೆ, ಮೊತ್ತ. ಅಕೌಂಟ್ಸ್‌ನಿಂದ ಕಂದಾಯಕ್ಕೆ ಹೋಗಬೇಕು, ಕಂದಾಯದವರು ರಶೀದಿ ರದ್ದು ಮಾಡಿ, ರಿಯಾಯಿತಿ ತೆಗೆದು, ಸಹಿ ಹಾಕಿ ವಾಪಸ್ ಕೊಡಬೇಕು. ಈಗ ಆ ಚೀಟಿಯ ನಮೂನೆಯನ್ನು ನಾನು ಎಲ್ಲಾ ಕಡೆ ಹಂಚುತ್ತೇನೆ. ಅಕೌಂಟೆಂಟ್ ಒಬ್ಬರೇ ಬಂದಿದ್ದರೆ ಈ ಮಾತು ಹುಟ್ಟುತ್ತಲೇ ಇರಲಿಲ್ಲ ಅಲ್ವಾ?

ಇದಾದ ಮೇಲೆ ಜೋಡಿ ನಮೂದು ಹೇಳಿಕೊಡುವುದು ಸುಲಭ. ತೆರಿಗೆ ನಮ್ಮ ಆದಾಯವಾಗುವುದು ಕೌಂಟರ್‌ಗೆ ದುಡ್ಡು ಬಂದ ದಿನ ಅಲ್ಲ, ಬೇಡಿಕೆ ಹುಟ್ಟಿದ ದಿನ. ಅವತ್ತಿನಿಂದ ಅದು ಬರಬೇಕಾದ ಬಾಕಿ. ದುಡ್ಡು ಬಂದಾಗ ಬಾಕಿ ಇಳಿಯುತ್ತದೆ, ಬ್ಯಾಂಕ್ ಏರುತ್ತದೆ. ಚೆಕ್ ವಾಪಸ್ಸಾದರೆ ಬಾಕಿ ಮತ್ತೆ ಏರುತ್ತದೆ. ಆ ಮನೆಯ ಉದಾಹರಣೆ ಕಣ್ಣ ಮುಂದೆ ಇರುವುದರಿಂದ ಎರಡು ಕಡೆ ಯಾಕೆ ಬರೆಯಬೇಕು ಅಂತ ಯಾರೂ ಕೇಳುವುದಿಲ್ಲ.

ತೆರಿಗೆಯ ಜೊತೆಗೆ ವಸೂಲಾಗುವ ಉಪಕರಗಳ ಬಗ್ಗೆ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಆರೋಗ್ಯ ಉಪಕರ ಶೇ. 15, ಗ್ರಂಥಾಲಯ ಉಪಕರ ಶೇ. 6, ಭಿಕ್ಷುಕರ ಉಪಕರ ಶೇ. 3. ಈ ಮೂರೇ ಸೇರಿ ಸಾವಿರ ರೂಪಾಯಿ ತೆರಿಗೆಗೆ 240 ರೂಪಾಯಿ. ಈ 240 ನಮ್ಮದಲ್ಲ. ನಾವು ವಸೂಲಿ ಮಾಡಿ ಸಂಬಂಧಪಟ್ಟವರಿಗೆ ಕಟ್ಟಬೇಕಾದ ಹಣ. ಎಲ್ಲವನ್ನೂ ಒಂದೇ ತಲೆಬರಹದಲ್ಲಿ ಆದಾಯ ಅಂತ ಜಮಾ ಹಾಕಿಬಿಟ್ಟರೆ ಊರು ಶ್ರೀಮಂತವಾಗಿ ಕಾಣುತ್ತದೆ. ಆ ದುಡ್ಡು ಖರ್ಚೂ ಆಗಿಹೋಗುತ್ತದೆ. ಕೆಲವು ವರ್ಷ ಕಳೆದ ಮೇಲೆ ಗ್ರಂಥಾಲಯ ಇಲಾಖೆಯಿಂದ ಪತ್ರ ಬಂದಾಗ ಕಟ್ಟಲು ಏನೂ ಇರುವುದಿಲ್ಲ. ನಮ್ಮೂರಿನ ಲೈಬ್ರರಿಗೆ ಹೊಸ ಪುಸ್ತಕ ಬರದೇ ಇರುವುದಕ್ಕೂ ನಾವು ಹಾಕಿದ ಒಂದು ನಮೂದಿಗೂ ಸಂಬಂಧ ಇದೆ ಅಂತ ಹೇಳಿದಾಗ ತರಗತಿಯಲ್ಲಿ ಎಲ್ಲರೂ ಗಂಭೀರವಾಗುತ್ತಾರೆ.

ಇಂಜಿನಿಯರ್‌ಗಳನ್ನು ಒಳಗೆ ತರುವುದಕ್ಕೆ ಕಾಮಗಾರಿ ಬಿಲ್ಲೇ ಬೇಕು. ಅವರು ತಂದ ಬಿಲ್ಲನ್ನೇ ಬೋರ್ಡ್ ಮೇಲೆ ಬಿಡಿಸುತ್ತೇವೆ. ಕೆಲಸದ ಮೌಲ್ಯ 5,00,000 ಅಂದುಕೊಳ್ಳಿ. ಶೇ. 18 ಜಿಎಸ್‌ಟಿ ಸೇರಿ ಬಿಲ್ 5,90,000. ಗುತ್ತಿಗೆದಾರರು ಒಬ್ಬ ವ್ಯಕ್ತಿಯಾಗಿದ್ದರೆ ಆದಾಯ ತೆರಿಗೆಯ ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಶೇ. 1, ಅಂದರೆ 5,000. ಸಂಸ್ಥೆಯಾಗಿದ್ದರೆ ಶೇ. 2. ಗುತ್ತಿಗೆ ಮೌಲ್ಯ ಎರಡೂವರೆ ಲಕ್ಷ ದಾಟಿರುವುದರಿಂದ ಜಿಎಸ್‌ಟಿ ಟಿಡಿಎಸ್ ಶೇ. 2, ಅಂದರೆ 10,000. ಕಾರ್ಮಿಕ ಕಲ್ಯಾಣ ಸೆಸ್ ಶೇ. 1, ಇನ್ನೊಂದು 5,000. ರಾಜಧನ (ಜಲ್ಲಿ, ಮರಳಿನಂಥ ಖನಿಜಕ್ಕೆ ಸರ್ಕಾರಕ್ಕೆ ಸೇರಬೇಕಾದ ಹಣ), ಭದ್ರತಾ ಠೇವಣಿ ಬೇರೆ. ಎರಡು ಟಿಡಿಎಸ್‌ಗಳನ್ನೂ 5,90,000ದ ಮೇಲೆ ಲೆಕ್ಕ ಹಾಕುವವರು ಬಹಳ ಮಂದಿ ಇದ್ದಾರೆ. ಬಿಲ್‌ನಲ್ಲಿ ಜಿಎಸ್‌ಟಿ ಬೇರೆಯಾಗಿ ತೋರಿಸಿದ್ದರೆ 5,00,000ದ ಮೇಲೆ ಮಾತ್ರ ಹಾಕಬೇಕು.

ಮುರಿದುಕೊಂಡ 20,000 ನಮ್ಮ ಖಾತೆಯಲ್ಲೇ ಉಳಿದಿರುತ್ತದೆ, ಆದರೆ ನಮ್ಮದಲ್ಲ. ಆದಾಯ ತೆರಿಗೆಯದ್ದು ಸಾಮಾನ್ಯವಾಗಿ ಮುಂದಿನ ತಿಂಗಳ 7ರೊಳಗೆ, ಜಿಎಸ್‌ಟಿಯದ್ದು 10ರೊಳಗೆ ಕಟ್ಟಬೇಕು. ತಡವಾದರೆ ಬಡ್ಡಿ ನಾವು ಕೊಡಬೇಕು, ಅದೂ ಜನರ ತೆರಿಗೆ ದುಡ್ಡಿನಿಂದ. ಇಂಜಿನಿಯರ್‌ಗಳಿಗೆ ಇದರ ಜೊತೆ ಇನ್ನೊಂದು ಮಾತು ಹೇಳುತ್ತೇನೆ. ರಸ್ತೆ ಮುಗಿದು ಜನ ಓಡಾಡುತ್ತಿದ್ದರೂ ಪೂರ್ಣಗೊಂಡ ಪ್ರಮಾಣಪತ್ರ ಅಕೌಂಟ್ಸ್‌ಗೆ ಬರದಿದ್ದರೆ ಲೆಕ್ಕದಲ್ಲಿ ಅದು ಇನ್ನೂ ನಡೆಯುತ್ತಿರುವ ಕಾಮಗಾರಿ. ಆಸ್ತಿ ಪಟ್ಟಿಗೆ ಸೇರುವುದಿಲ್ಲ, ವರ್ಷವರ್ಷ ಮೌಲ್ಯ ಇಳಿಸುವ ಸವಕಳಿಯೂ ಹತ್ತುವುದಿಲ್ಲ. ಒಂದು ಹಾಳೆ ಕಳಿಸಿ, ಸಾಕು.

ಮುಖ್ಯಾಧಿಕಾರಿಗಳಿಗೂ ಚುನಾಯಿತ ಸದಸ್ಯರಿಗೂ ನಾನು ಅರ್ಧ ದಿನ ಮಾತ್ರ ಕೇಳುತ್ತೇನೆ. ಅವರಿಗೆ ನಮೂದು ಕಲಿಸುವ ಅಗತ್ಯ ಇಲ್ಲ. "ಬ್ಯಾಂಕ್‌ನಲ್ಲಿ ಎಷ್ಟಿದೆ?" ಅನ್ನುವ ಪ್ರಶ್ನೆಯನ್ನು "ಅದರಲ್ಲಿ ನಮ್ಮದು ಎಷ್ಟು?" ಅಂತ ಕೇಳುವುದನ್ನು ಕಲಿಸಬೇಕು. ಬೋರ್ಡ್ ಮೇಲೆ ಒಂದು ಮಾದರಿ ಬರೆಯುತ್ತೇನೆ. ಎಲ್ಲಾ ಖಾತೆ ಸೇರಿ ಒಂದು ಕೋಟಿ 80 ಲಕ್ಷ ಇದೆ. 15ನೇ ಹಣಕಾಸು ಆಯೋಗದ ಅನುದಾನ 70 ಲಕ್ಷ ತೆಗೆಯಿರಿ. ಇತರ ಯೋಜನೆಗಳ ವಿಶೇಷ ಅನುದಾನ 45 ಲಕ್ಷ ತೆಗೆಯಿರಿ. ಗುತ್ತಿಗೆದಾರರ ಠೇವಣಿ 22, ಕಟ್ಟಬೇಕಾದ ಉಪಕರ 18, ಟಿಡಿಎಸ್ ಇತ್ಯಾದಿ 5. ಉಳಿದದ್ದು 20 ಲಕ್ಷ. ಕೋಟಿ ಇದೆ ಅಂತ ಹೊಸ ಕಮಾನು ಕಟ್ಟಲು ಠರಾವು ಮಾಡಲು ಹೊರಟವರು ಇಲ್ಲಿ ನಿಂತು ಯೋಚಿಸುತ್ತಾರೆ. ಮುಂದಿನ ತಿಂಗಳ ನೀರು ಸರಬರಾಜಿನ ಕರೆಂಟ್ ಬಿಲ್ ಕೂಡ ಈ ಇಪ್ಪತ್ತರಲ್ಲೇ ಹೋಗಬೇಕಾಗಬಹುದು.

ಆಯೋಗದ ಅನುದಾನದ ವಿಷಯದಲ್ಲಿ ಮುಖ್ಯಾಧಿಕಾರಿಗಳು ತಿಳಿದಿರಬೇಕಾದದ್ದು ಎರಡು. 2021–26ರ ಅವಧಿಯಲ್ಲಿ ದೊಡ್ಡ ಮಹಾನಗರಗಳನ್ನು ಬಿಟ್ಟು ಉಳಿದ ಊರುಗಳಿಗೆ ಬಂದ ಹಣದಲ್ಲಿ ಶೇ. 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಎರಡನೆಯದು, ಹಿಂದಿನ ವರ್ಷದ ತಾತ್ಕಾಲಿಕ ಲೆಕ್ಕ, ಅದರ ಹಿಂದಿನ ವರ್ಷದ ಆಡಿಟ್ ಆದ ಲೆಕ್ಕ ಎರಡೂ ಜನರಿಗೆ ಕಾಣುವಂತೆ ಆನ್‌ಲೈನ್‌ನಲ್ಲಿ ಇರಬೇಕು ಅನ್ನುವ ಷರತ್ತು ಆ ಹಣಕ್ಕಿತ್ತು. ಲೆಕ್ಕ ಮುಗಿಸುವುದು ಸುಮ್ನೆ ಆಡಿಟ್‌ನವರ ಬಾಯಿ ಮುಚ್ಚಿಸುವ ಕೆಲಸ ಅಂತ ಅಂದುಕೊಂಡಿದ್ದವರಿಗೆ, ಊರಿನ ಚರಂಡಿ, ಪೈಪ್‌ಲೈನ್ ಹಣ ಅದರ ಮೇಲೆ ನಿಂತಿದೆ ಅಂತ ಗೊತ್ತಾದ ಮೇಲೆ ಅಕೌಂಟೆಂಟ್‌ಗೆ ಬೇರೆ ಕೆಲಸ ಹಚ್ಚುವುದು ಕಡಿಮೆಯಾಗುತ್ತದೆ. ಎಲೆಕ್ಷನ್ ಕೆಲಸ, ಸಮೀಕ್ಷೆ, ಜಾತ್ರೆ ವ್ಯವಸ್ಥೆ ಎಲ್ಲಕ್ಕೂ ಅವರನ್ನೇ ಎಳೆದರೆ ಲೆಕ್ಕ ಬರೆಯುವವರು ಯಾರು?

ವರ್ಗಾವಣೆ ನಮ್ಮ ದೊಡ್ಡ ತಲೆನೋವು. ಚೆನ್ನಾಗಿ ಕಲಿತವರು ಬೇರೆ ಊರಿಗೆ ಹೋಗುತ್ತಾರೆ, ಅವರ ಜಾಗಕ್ಕೆ ಬಂದವರಿಗೆ ಏನೂ ಗೊತ್ತಿರುವುದಿಲ್ಲ. ಇದಕ್ಕೆ ನನ್ನ ಬಳಿ ಪೂರ್ತಿ ಉತ್ತರ ಇಲ್ಲ. ಅಕೌಂಟ್ಸ್‌ನಿಂದ ಇಬ್ಬರನ್ನು ಕರೆಯುತ್ತೇನೆ, ಹೊರಗುತ್ತಿಗೆಯ ಡಾಟಾ ಎಂಟ್ರಿ ಆಪರೇಟರ್ ಇದ್ದರೆ ಅವರನ್ನೂ. ಬಹಳ ಕಡೆ ಊರಿನ ಲೆಕ್ಕದ ನೆನಪು ಇರುವುದು ಆ ಆಪರೇಟರ್ ತಲೆಯಲ್ಲೇ. ಜೊತೆಗೆ ತರಬೇತಿ ಮುಗಿಯುವ ಮುಂಚೆ ಪ್ರತಿ ತಂಡ ತಮ್ಮ ಊರಿಗೆ ಒಂದು ಹಸ್ತಾಂತರ ಟಿಪ್ಪಣಿ ಬರೆಯಬೇಕು. ಯಾವ ಖಾತೆ ಯಾವ ಅನುದಾನಕ್ಕೆ, ಯಾವ ಬ್ಯಾಂಕ್, ಎಲ್ಲಿಯವರೆಗೆ ತಾಳೆ ಆಗಿದೆ, ಯಾವ ತಾರೀಖಿಗೆ ಏನು ಕಟ್ಟಬೇಕು. ಕನ್ನಡದಲ್ಲಿ, ಎರಡೇ ಪುಟ.

ತರಬೇತಿಗಿಂತ ಅದರ ನಂತರದ ತಿಂಗಳುಗಳೇ ಮುಖ್ಯ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಪ್ರತಿ ತಿಂಗಳು 10ರ ಹೊತ್ತಿಗೆ ಬ್ಯಾಂಕ್ ತಾಳೆ ಪಟ್ಟಿಯ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿ ಅನ್ನುತ್ತೇನೆ. ನಾನು ಮೊದಲು ನೋಡುವುದು ಒಂದೇ ಸಾಲು, ತಾಳೆಯಾಗದೆ ಉಳಿದ ಅತಿ ಹಳೆಯ ನಮೂದಿನ ತಾರೀಖು. ಅದು ತಿಂಗಳಿಂದ ತಿಂಗಳಿಗೆ ಮುಂದೆ ಬರುತ್ತಿದ್ದರೆ ಅಲ್ಲಿ ಕೆಲಸ ನಡೆಯುತ್ತಿದೆ ಅಂತ ಅರ್ಥ. ಅಲ್ಲೇ ನಿಂತಿದ್ದರೆ ಫೋನ್ ಮಾಡುತ್ತೇನೆ. ಬಹಳ ಸಲ ಸಿಗುವ ಕಾರಣ ಒಂದೇ: ಹಳೆಯ ಜಮೆಯ ವಿವರವನ್ನು ಬ್ಯಾಂಕ್‌ನವರು ಬಾಯಿಮಾತಿಗೆ ಕೊಡುವುದಿಲ್ಲ. ಅದಕ್ಕೆ ಮುಖ್ಯಾಧಿಕಾರಿಗಳ ಸಹಿ ಇರುವ ಪತ್ರ ಬೇಕು. ಜಮೆಯ ತಾರೀಖು, ಮೊತ್ತ, ಸ್ಟೇಟ್‌ಮೆಂಟ್‌ನಲ್ಲಿರುವ ಉಲ್ಲೇಖ ಸಂಖ್ಯೆ ಮೂರನ್ನೂ ಹಾಕಿದ ಪತ್ರದ ಮಾದರಿ ನನ್ನ ಫೋನ್‌ನಲ್ಲೇ ಇದೆ, ಕೇಳಿದವರಿಗೆಲ್ಲ ಕಳಿಸುತ್ತೇನೆ.